ಟ್ರ್ಯಾಕ್ಟರಿನ ಬ್ಯಾಟರಿ ಇಳಿದಾಗ



ಸಿಂಧನೂರು ತಾಲ್ಲೂಕಿನ ಗದ್ದೆಗಳಿಗೆ ತುಂಗಭದ್ರೆಯ ನೀರು ಹರಿದೊಡನೆ ಕೆಸರು ಹೊಡೆಯುವ ಅವಸರ. ಬೇಸಿಗೆಯೆಲ್ಲ ನಿಂತಿದ್ದ ಟ್ರ್ಯಾಕ್ಟರು ಅಂದೇ ‘ಟಿಕ್’ ಎಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿಗೆಂದು ಪೇಟೆಗೆ ಓಡಬೇಡಿರಿ. ಮೊದಲು ತಂತಿಯ ಹಿಡಿಕೆಗಳನ್ನು ನೋಡಿರಿ. ಕಿಲುಬು ಕಟ್ಟಿದ್ದರೆ ಬಿಚ್ಚಿ, ಉಜ್ಜಿ, ಬಿಗಿಮಾಡಿರಿ. ಬಿಚ್ಚುವಾಗ ಋಣ (−) ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಎಷ್ಟೋ ಸಲ ರೋಗ ಇಷ್ಟೇ.

ಆದರೂ ಏಳದಿದ್ದರೆ ನೆರೆಯವರ 12 ವೋಲ್ಟಿನ ಬ್ಯಾಟರಿಯಿಂದ ದಪ್ಪ ತಂತಿ ಎಳೆಯಬಹುದು. ಮೊದಲು ಧನಕ್ಕೆ (+) ಧನ ಸೇರಿಸಿರಿ. ಬಳಿಕ ಇನ್ನೊಂದು ತಂತಿಯನ್ನು ನೆರೆಯವರ ಬ್ಯಾಟರಿಯ ಋಣಕ್ಕೆ ಹಚ್ಚಿ, ಅದರ ಕೊನೆಯ ತುದಿಯನ್ನು ನಿಮ್ಮ ಎಂಜಿನ್ನಿನ ಬರಿಗಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಹಚ್ಚಿರಿ. ಇಳಿದ ಬ್ಯಾಟರಿಗೆ ಹಚ್ಚಕೂಡದು. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಕೊನೆಯ ಜೋಡಣೆಯ ಕಿಡಿ ತಾಗಿದರೆ ಸಿಡಿದು ಆಮ್ಲ ಕಣ್ಣಿಗೆ ಹಾರೀತು. ಬೀಡಿಯೂ ದೂರವಿರಲಿ. ಆಮ್ಲ ಬಿದ್ದರೆ ಕಣ್ಣನ್ನು ಕೂಡಲೇ ನೀರಿನಿಂದ 20 ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಿರಿ.

ಮುಚ್ಚಳವುಳ್ಳ ಬ್ಯಾಟರಿಯಲ್ಲಿ ಮಟ್ಟ ಇಳಿದಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಿರಿ. ಆಮ್ಲ ಹೊಯ್ದರೆ ಬಲ ಬರುತ್ತದೆಂಬುದು ಬರಿಯ ಕಟ್ಟೆಯ ಮಾತು. ಸುಗ್ಗಿ ಮುಗಿದು ಟ್ರ್ಯಾಕ್ಟರು ನಿಲ್ಲಿಸುವಾಗ ಋಣ ತಂತಿ ಬಿಚ್ಚಿಡಿರಿ. ತಿಂಗಳಿಗೊಮ್ಮೆ ಚಾರ್ಜು ಮಾಡಿಸಿರಿ.