ಕಡಲ ದಂಡೆಯಲ್ಲಿ ಎರಡು ದಿನ

ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಸಮೀಪದಲ್ಲಿರುವ ಅಡರಕಟ್ಟಿ ನಮ್ಮ ಊರು. ಇತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮುಗಿಲನ್ನು ನೋಡಿ ಬಿತ್ತುವ, ಬಿತ್ತಿದ ಮೇಲೆ ಮತ್ತೆ ಮುಗಿಲನ್ನೇ ನೋಡುತ್ತ ಕೂಡುವ ಜನ ನಾವು. ನೀರೆಂದರೆ ನಮಗೆ ಬಾವಿ, ಹಳ್ಳ, ಹೊಲದ ಹೊಂಡ. ಹಿರಿದಾದ ನೀರೆಂದರೆ ಮಾಗಡಿಯ ಕೆರೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಆ ಕೆರೆಯಲ್ಲಿ ತಂಗುತ್ತವೆ. ನನ್ನ ಮೊಮ್ಮಕ್ಕಳು ಕಂಡಿದ್ದ ಅತಿ ದೊಡ್ಡ ನೀರು ಅದೇ. ಹತ್ತು ವರ್ಷದ ಮೊಮ್ಮಗನು ಬಾವಿಯಲ್ಲಿ ಈಜು ಕಲಿತವನು, ನೀರಿಗೆ ಅಂಜದವನು. ಆರು ವರ್ಷದ ಮೊಮ್ಮಗಳಿಗೆ ಅಣ್ಣನು ಮಾಡಿದುದನ್ನೆಲ್ಲ ತಾನೂ ಮಾಡಬೇಕೆಂಬ ಹಟ.

ಫೆಬ್ರುವರಿ ತಿಂಗಳ ಒಂದು ಶನಿವಾರ ಬೆಳಗಿನ ಜಾವದಲ್ಲಿ ನಾವು ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೊರಟೆವು. ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾದ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿಕೊಂಡದ್ದಾಯಿತು. ಹುಬ್ಬಳ್ಳಿಯನ್ನು ದಾಟಿ, ಕಲಘಟಗಿಯನ್ನು ಹಿಂದಿಕ್ಕಿ, ಯಲ್ಲಾಪುರದ ಕಾಡನ್ನು ಹೊಕ್ಕಾಗ ಮಕ್ಕಳು ಮಾತು ನಿಲ್ಲಿಸಿದರು. ಬಯಲುಸೀಮೆಯ ಕಣ್ಣಿಗೆ ಅಷ್ಟೊಂದು ಹಸಿರನ್ನು ಒಮ್ಮೆಲೇ ಅರಗಿಸಿಕೊಳ್ಳುವುದು ಸುಲಭವಲ್ಲ. ಅರೆಬೈಲು ಘಟ್ಟವನ್ನಿಳಿದ ಮೇಲೆ ಗಂಗಾವಳಿ ನದಿಯು ಜೊತೆಗೂಡಿತು. ಧಾರವಾಡದ ಬಳಿ ಹುಟ್ಟಿ, ಬೇಡ್ತಿಯೆಂಬ ಹೆಸರಿನಲ್ಲಿ ಹರಿದು, ಮಾಗೋಡಿನಲ್ಲಿ ಧುಮುಕಿ ಬರುವ ನದಿ ಇದು. ನಮ್ಮ ಊರ ಕಡೆಯ ಹಳ್ಳಗಳ ನೀರಾದರೋ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ನಾಡಿನಿಂದ ನಾಡಿಗೆ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇದನ್ನು ಹೇಳಿದಾಗ ಮೊಮ್ಮಗನು, "ಹತ್ತಿರದ ಸಮುದ್ರ ಬಿಟ್ಟು ದೂರದ್ದಕ್ಕ ಯಾಕ ಹೋಗತೈತಿ, ಅಜ್ಜಾ?" ಎಂದು ಕೇಳಿದನು. ನಡುವೆ ಘಟ್ಟದ ಏರು ಇದೆ, ನೀರು ಇಳಿಜಾರನ್ನು ಮಾತ್ರ ಬಲ್ಲುದು ಎಂದೆ. ಉಪಾಧ್ಯಾಯನಾಗಿದ್ದವನಿಗೆ ಉತ್ತರ ಹೇಳುವ ಚಪಲ ನಿವೃತ್ತಿಯಾದರೂ ಬಿಡುವುದಿಲ್ಲ. ಆ ಚಪಲವೇ ಅಂದು ಸಂಜೆ ನನ್ನನ್ನು ತಪ್ಪು ದಾರಿಗೆಳೆಯಿತು.

ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಕಡಲ ದಂಡೆಗೆ ಹೋದೆವು. ಮೊಮ್ಮಗಳು ಅಜ್ಜಿಯ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಳು. "ಇದರ ಆಚೀ ದಂಡಿ ಎಲ್ಲೈತಿ?" ಎಂದಳು. ಯಾರೂ ಉತ್ತರಿಸಲಿಲ್ಲ. ಒಂದು ಸಣ್ಣ ತೆರೆ ಬಂದು ಅವಳ ಕಾಲನ್ನು ತೊಳೆದು ಹಿಂದೆ ಸರಿಯಿತು. ಅಂಗಾಲಿನ ಕೆಳಗಿನ ಉಸುಕು ಜಾರಿದಾಗ ಅವಳು ಕಿಟಾರನೆ ಕಿರುಚಿ, ಮರುಗಳಿಗೆಯಲ್ಲಿ ನಕ್ಕಳು. ಅಲ್ಲಿಂದ ಮುಂದೆ ಅವಳಿಗೆ ಅಂಜಿಕೆಯಿರಲಿಲ್ಲ.

ತೆರೆಗಳು ದಂಡೆಯುದ್ದಕ್ಕೂ ನೊರೆಯುಗುಳುತ್ತ ಒಡೆಯುತ್ತಿದ್ದವು. ಆದರೆ ಒಂದೆಡೆ ಮಾತ್ರ, ಹತ್ತಿಪ್ಪತ್ತು ಮಾರು ಅಗಲಕ್ಕೆ, ನೀರು ಶಾಂತವಾಗಿತ್ತು. ಅಲ್ಲಿ ತೆರೆ ಒಡೆಯುತ್ತಿರಲಿಲ್ಲ. ಬಣ್ಣವೂ ತುಸು ಕಪ್ಪಾಗಿತ್ತು. ಎರಡು ಕಡೆಯ ಅಬ್ಬರದ ನಡುವೆ ಅದು ನಮ್ಮ ಕೆರೆಯ ತುಣುಕೊಂದನ್ನು ತಂದಿಟ್ಟಂತೆ ಕಂಡಿತು. "ತೆರೆ ಇದ್ದಲ್ಲಿ ಬೇಡ, ಅಲ್ಲಿ ನೀರು ತಣ್ಣಗೈತಿ, ಅಲ್ಲಿ ಆಡ್ರಿ" ಎಂದು ಮಕ್ಕಳಿಗೆ ನಾನೇ ಕೈಮಾಡಿ ತೋರಿಸಿದೆ. ಮಗನೂ ಸೊಸೆಯೂ ಹಿರಿಯರು ಹೇಳಿದರೆಂದು ಸುಮ್ಮನಾದರು. ಮೊಮ್ಮಗನು ಮೊಳಕಾಲುದ್ದ ನೀರಿಗಿಳಿದಿದ್ದನು. ತಂಗಿಯು ಅವನ ಹಿಂದೆ ಓಡುತ್ತಿದ್ದಳು.

ಅಷ್ಟರಲ್ಲಿ ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬನು ಎದ್ದು ಕೂಗುತ್ತ ಬಂದನು. "ಯಜಮಾನರೇ, ಮಕ್ಕಳನ್ನು ಮೊದಲು ಈಚೆಗೆ ಕರೆಯಿರಿ!" ಅವನ ದನಿಯಲ್ಲಿದ್ದ ಅವಸರ ಕಂಡು ಮಗನು ಓಡಿಹೋಗಿ ಇಬ್ಬರನ್ನೂ ಎಳೆತಂದನು. ನನಗೆ ತುಸು ಕೋಪವೇ ಬಂದಿತು. ಮುದುಕನು ವಾದಿಸಲಿಲ್ಲ. ಯಾರೋ ಕುಡಿದೆಸೆದಿದ್ದ ಎಳನೀರಿನ ಬುರುಡೆಯನ್ನೆತ್ತಿ ಆ ಶಾಂತವಾದ ನೀರಿಗೆ ಬೀಸಿ ಒಗೆದನು. ಅದು ದಂಡೆಗೆ ಮರಳಿ ಬರಲಿಲ್ಲ. ನಾವು ನೋಡುತ್ತಿದ್ದಂತೆಯೇ, ಎತ್ತಿನ ಬಂಡಿಯ ಮೇಲೆ ಕುಳಿತಂತೆ, ತೆರೆಗಳ ಸಾಲನ್ನು ದಾಟಿ ಕಡಲಿನತ್ತ ಹೊರಟುಹೋಯಿತು. ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಕಾಣದಾಯಿತು. ಸೊಸೆಯು ಮಗಳನ್ನು ಎದೆಗೆ ಅವಚಿಕೊಂಡಳು. ನನ್ನ ಬಾಯಿ ಒಣಗಿತ್ತು.

ಮುದುಕನು ವಿವರಿಸಿದುದನ್ನೂ, ಅನಂತರ ನಾನು ಓದಿ ತಿಳಿದುದನ್ನೂ ಕೂಡಿಸಿ ಹೇಳುತ್ತೇನೆ. ತೆರೆಗಳು ಎಡೆಬಿಡದೆ ನೀರನ್ನು ದಂಡೆಗೆ ತಂದು ಒಟ್ಟುತ್ತವೆ. ಆ ನೀರು ಎಲ್ಲಿಯಾದರೂ ಹಿಂದಿರುಗಬೇಕಷ್ಟೆ. ನೀರಿನೊಳಗೆ ಉಸುಕಿನ ದಿಬ್ಬಗಳಿರುತ್ತವೆ. ಅವುಗಳ ನಡುವೆ ಆಳವಾದ ಓಣಿಗಳಿರುತ್ತವೆ. ಹಿಂದಿರುಗುವ ನೀರು ಆ ಓಣಿಯಲ್ಲಿ ಹೊಳೆಯಂತೆ ನುಗ್ಗುತ್ತದೆ. ಓಣಿ ಆಳವಾಗಿರುವುದರಿಂದಲೇ ಅಲ್ಲಿ ತೆರೆ ಒಡೆಯುವುದಿಲ್ಲ. ಆದುದರಿಂದ ಕಡಲಿನಲ್ಲಿ ಅತ್ಯಂತ ಶಾಂತವಾಗಿ ತೋರುವ ಜಾಗವೇ ಮನುಷ್ಯನನ್ನು ಒಳಕ್ಕೆ ಒಯ್ಯುವ ಜಾಗವಾಗಿರಬಹುದು. ಪ್ರಬಲವಾದಾಗ ಈ ಸೆಳೆತ ಸೆಕೆಂಡಿಗೆ 2 ಮೀಟರಿನಷ್ಟು ವೇಗವನ್ನು ಮುಟ್ಟುತ್ತದೆ. ಬಾವಿಯಲ್ಲಿ ಎಷ್ಟೇ ಈಜಿದವನಾಗಲಿ ಅದಕ್ಕೆ ಎದುರಾಗಿ ಈಜಲಾರನು. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಂಡೆಯತ್ತಲೇ ಈಜಲು ಹೆಣಗಿ ಸೋತವರೇ ಹೆಚ್ಚಾಗಿ ಮುಳುಗುತ್ತಾರೆ. ಸಿಕ್ಕಿಕೊಂಡವನು ಗಾಬರಿಯಾಗದೆ ತೇಲುತ್ತಿರಬೇಕು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬಂದು, ತೆರೆ ಒಡೆಯುವ ಕಡೆಯಿಂದ ಮರಳಬೇಕು. ಈಜು ಬಾರದ ಮಕ್ಕಳ ಕೈಯನ್ನು ಹಿರಿಯರು ಬಿಡಲೇಬಾರದು. ಜೀವರಕ್ಷಕರಿರುವ ತೀರದಲ್ಲಿ ಅವರನ್ನು ಮೊದಲು ಕೇಳಿ ಆಮೇಲೆ ನೀರಿಗಿಳಿಯಬೇಕು.

2024ರ ಡಿಸೆಂಬರ್ ತಿಂಗಳಿನಲ್ಲಿ ಇದೇ ಕರಾವಳಿಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರವೂ ನಮ್ಮಂತೆಯೇ ಮಳೆ ಕಡಿಮೆಯಾದ, ಕೆರೆಗಳನ್ನು ನಂಬಿದ ಸೀಮೆ. ಆ ಸುದ್ದಿಯನ್ನು ಓದಿದಾಗ ಮರುಗಿದ್ದೆ. ಅದು ನನ್ನ ಮನೆಯ ಬಾಗಿಲಿಗೂ ಬರಬಹುದೆಂದು ಎಣಿಸಿರಲಿಲ್ಲ. ಕೆರೆಯಲ್ಲಿ ಅಲೆಯಿಲ್ಲದ ನೀರಿಗೆ ಅಂಜಬೇಕಾಗಿಲ್ಲವೆಂದು ಬಾಲ್ಯದಿಂದ ಕಲಿತ ಕಣ್ಣು ನನ್ನದು. ಅದೇ ಕಣ್ಣಿನಿಂದ ಕಡಲನ್ನು ನೋಡಿದ್ದೆ.

ಮರುದಿನ ಮಕ್ಕಳನ್ನು ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಕರೆದೊಯ್ದೆವು. ಉಬ್ಬರದಲ್ಲಿ ಏರಿಬರುವ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಗಳಲ್ಲಿ ಬಿಸಿಲಿಗೆ ಬತ್ತಿಸಿ ಅಲ್ಲಿ ಉಪ್ಪನ್ನು ತೆಗೆಯುತ್ತಾರೆ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಲವಣ. "ನಾವು ಜೋಳ ಬೆಳದಂಗ ಇವರು ಉಪ್ಪು ಬೆಳೀತಾರ ನೋಡ್ರಿ" ಎಂದು ನನ್ನ ಹೆಂಡತಿ ಬೆರಗಾದಳು. ಪಕ್ಕದಲ್ಲಿಯೇ ಅಘನಾಶಿನಿಯ ಅಳಿವೆ. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದವುಗಳಲ್ಲಿ ಈ ಅಳಿವೆಯೂ ಒಂದು, ನಮ್ಮ ಮಾಗಡಿ ಕೆರೆಯೂ ಒಂದು. ಇದನ್ನು ಕೇಳಿ ಮೊಮ್ಮಗನು ಹಿಗ್ಗಿದನು. ತನ್ನ ಊರ ಕಡೆಯ ನೀರಿಗೂ ಕಡಲಿನ ಸಾಲಿನಲ್ಲಿ ಕೂಡುವ ಯೋಗ್ಯತೆ ಬಂದಿತೆಂದು ಅವನ ಭಾವನೆ.

ಹೊರಡುವ ಮುನ್ನ ಮುದುಕನನ್ನು ಕಾಣಲು ಹೋದೆವು. ಅವನು ದೋಣಿಯ ಬಳಿ ಇರಲಿಲ್ಲ, ಬಲೆಯೂ ಇರಲಿಲ್ಲ. ಹಿಂದಿನ ಸಂಜೆ ಅವನಿಗೆ ನಾನು ಸರಿಯಾಗಿ ಕೃತಜ್ಞತೆಯನ್ನೂ ಹೇಳಿರಲಿಲ್ಲ.

ಊರಿಗೆ ಬಂದ ಮರು ಭಾನುವಾರ ಮೊಮ್ಮಗನು ಹಟಮಾಡಿ ಮಾಗಡಿಯ ಕೆರೆಗೆ ಹೊರಡಿಸಿದನು. ಹೆಬ್ಬಾತುಗಳು ಇನ್ನೂ ಮರಳಿ ಹೋಗಿರಲಿಲ್ಲ. ಅವನು ಚೀಲದಿಂದ ತೆಂಗಿನ ಪರಟೆಯೊಂದನ್ನು ತೆಗೆದು, ಹಕ್ಕಿಗಳಿಲ್ಲದ ಕಡೆ ನೋಡಿ, ನೀರಿಗೆ ತೇಲಿಬಿಟ್ಟನು. ಅದು ಗಾಳಿಗೆ ತುಸು ಅಲುಗಾಡಿ, ಮೆಲ್ಲಗೆ ತಿರುಗಿ, ಅವನ ಕಾಲ ಬಳಿಯ ಹುಲ್ಲಿಗೆ ಬಂದು ತಗುಲಿ ನಿಂತಿತು. ಅದನ್ನೆತ್ತಿಕೊಂಡು ಇನ್ನೊಮ್ಮೆ ಬಿಟ್ಟು ನೋಡಿದನು.