ಬೆನ್ನ ಮೇಲಿನ ಪೆಟ್ಟಿಗೆ ಏನನ್ನು ಅಳೆಯುತ್ತದೆ?

ಗೋಲು ಹೊಡೆದ ಖುಷಿಯಲ್ಲಿ ಆಟಗಾರ ಜೆರ್ಸಿ ಕಳಚಿ ಬೀಸುವುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಅದಕ್ಕೆ ರೆಫರಿ ಹಳದಿ ಕಾರ್ಡು ತೋರಿಸುತ್ತಾರೆ, ಆ ಮಾತು ಬೇರೆ. ಜೆರ್ಸಿಯ ಒಳಗೆ ಎದೆಯವರೆಗೆ ಮಾತ್ರ ಬರುವ ಒಂದು ಗಿಡ್ಡ ಬನಿಯನ್ ಇರುತ್ತದಲ್ಲ, ಅದನ್ನು ಗಮನಿಸಿದ್ದೀರಾ? ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಕೇಳಿಯೇ ಬಿಟ್ಟ, "ಟೀಚರ್, ಅವರು ಅದನ್ನು ಯಾಕೆ ಹಾಕೋದು?" ತರಗತಿ ಇಡೀ ನಕ್ಕಿತು. ಆದರೆ ಆ ದಿನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ.

ಆ ಬನಿಯನ್ನಿನ ಹಿಂದುಗಡೆ, ಎರಡು ಹೆಗಲುಗಳ ನಡುವೆ, ಒಂದು ಸಣ್ಣ ಕಿಸೆ ಇದೆ. ಅದರೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಉಪಕರಣಗಳು: ಒಂದು ಜಿಪಿಎಸ್ ಗ್ರಾಹಕ, ಇನ್ನೊಂದು ವೇಗೋತ್ಕರ್ಷ ಮಾಪಕ. ಬೆನ್ನಿನ ಮೇಲೇ ಯಾಕೆ? ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಅವುಗಳ ಸಂಕೇತ ಸಿಗಬೇಕಾದರೆ ಪೆಟ್ಟಿಗೆಗೆ ಆಕಾಶ ಕಾಣಬೇಕು. ಬೆನ್ನಿನ ಮೇಲ್ಭಾಗ ಅದಕ್ಕೆ ಒಳ್ಳೆಯ ಜಾಗ, ಅಲ್ಲಿ ಪೆಟ್ಟು ಬೀಳುವುದೂ ಕಡಿಮೆ. ಪಂದ್ಯದ ಹೊತ್ತಿನಲ್ಲೂ ಇಂಥ ಉಪಕರಣ ಧರಿಸಲು ಫುಟ್ಬಾಲಿನ ನಿಯಮ ರೂಪಿಸುವ ಮಂಡಳಿ 2015ರಲ್ಲಿ ದಾರಿ ಮಾಡಿಕೊಟ್ಟಿತು.

ಪೆಟ್ಟಿಗೆ ಬರುವುದಕ್ಕೆ ಮೊದಲು ಈ ಅಳತೆ ಹೇಗೆ ನಡೆಯುತ್ತಿತ್ತು ಗೊತ್ತಾ? 1970ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಥಾಮಸ್ ರೈಲಿ ಮತ್ತು ವಾನ್ ಥಾಮಸ್ ಎಂಬ ಇಬ್ಬರು ಸಂಶೋಧಕರು ಟೇಪ್ ರೆಕಾರ್ಡರ್ ಹಿಡಿದು ಪಂದ್ಯ ನೋಡುತ್ತಿದ್ದರು. ಒಂದು ಪಂದ್ಯಕ್ಕೆ ಒಬ್ಬನೇ ಆಟಗಾರ. ಅವನು ನಡೆದನೇ, ನಿಧಾನಕ್ಕೆ ಓಡಿದನೇ, ಜೋರಾಗಿ ಓಡಿದನೇ, ಎಷ್ಟು ಹೆಜ್ಜೆ, ಎಲ್ಲವನ್ನೂ ಬಾಯಿಯಲ್ಲಿ ಹೇಳಿ ಧ್ವನಿಮುದ್ರಣ ಮಾಡಿಕೊಳ್ಳುವುದು. ಆ ಆಟಗಾರನ ನಡಿಗೆಯ ಹೆಜ್ಜೆ ಎಷ್ಟು ಉದ್ದ, ಓಟದ ಹೆಜ್ಜೆ ಎಷ್ಟು ಉದ್ದ ಎಂದು ಬೇರೆಯಾಗಿ ಅಳೆದಿಟ್ಟುಕೊಂಡು ಗುಣಿಸುವುದು. 1976ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಸರಾಸರಿ ಸುಮಾರು 8.7 ಕಿ.ಮೀ. ಕ್ರಮಿಸುತ್ತಿದ್ದ. ಇಂದಿನ ದೊಡ್ಡ ಲೀಗುಗಳಲ್ಲಿ 10ರಿಂದ 12 ಕಿ.ಮೀ. ಸಾಮಾನ್ಯ. ನನಗಂತೂ ಉಪಗ್ರಹಕ್ಕಿಂತ ಆ ಟೇಪ್ ರೆಕಾರ್ಡರೇ ಹೆಚ್ಚು ಇಷ್ಟ. ಯಾಕೆಂದರೆ ಅದನ್ನು ನಾವೂ ಮಾಡಬಹುದು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಪೆಟ್ಟಿಗೆಯ ಕೆಲಸ ನೋಡೋಣ. ಅದು ಸೆಕೆಂಡಿಗೆ ಸಾಮಾನ್ಯವಾಗಿ 10 ಬಾರಿ ಅಳತೆ ತೆಗೆಯುತ್ತದೆ. ಸೆಕೆಂಡಿಗೆ 7 ಮೀ. ಜವದಲ್ಲಿ ಓಡುವವನು 0.1 ಸೆಕೆಂಡಿನಲ್ಲಿ 70 ಸೆ.ಮೀ. ಮಾತ್ರ ಮುಂದೆ ಹೋಗಿರುತ್ತಾನೆ. ಆದರೆ ಜಿಪಿಎಸ್ ತೋರಿಸುವ ಸ್ಥಾನದಲ್ಲಿ ಒಂದೆರಡು ಮೀಟರು ಹೆಚ್ಚುಕಡಿಮೆ ಆಗುವುದುಂಟು. ಅಳೆಯಬೇಕಾದದ್ದಕ್ಕಿಂತ ತಪ್ಪೇ ದೊಡ್ಡದಾಯಿತಲ್ಲ! ಹಾಗಾಗಿ ಜವವನ್ನು ತಿಳಿಯಲು ಬೇರೆ ದಾರಿ ಬಳಸುತ್ತಾರೆ. ರೈಲು ಗೇಟಿನ ಹತ್ತಿರ ನಿಂತಾಗ, ಬರುವ ರೈಲಿನ ಹಾರ್ನ್ ಕೀರಲಾಗಿ ಕೇಳಿ, ದಾಟಿ ಹೋದೊಡನೆ ಸ್ವರ ಇಳಿಯುತ್ತದಲ್ಲ? ಅದೇ ಡಾಪ್ಲರ್ ಪರಿಣಾಮ. ಉಪಗ್ರಹದ ರೇಡಿಯೋ ಸಂಕೇತದ ಆವೃತ್ತಿಯಲ್ಲೂ ಅಂಥ ಸೂಕ್ಷ್ಮ ಬದಲಾವಣೆ ಆಗುತ್ತದೆ. ಅದರಿಂದ ಓಡುವವನ ಜವವನ್ನು ಲೆಕ್ಕ ಹಾಕುತ್ತಾರೆ.

ಪಂದ್ಯ ಮುಗಿದ ಮೇಲೆ ತರಬೇತುದಾರರ ಕೈಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಗಂಟೆಗೆ 19.8 ಕಿ.ಮೀ. ದಾಟಿದ ಓಟಕ್ಕೆ ಒಂದು ಅಂಕಣ, 25.2 ಕಿ.ಮೀ. ದಾಟಿದ ಓಟಕ್ಕೆ ಇನ್ನೊಂದು ಇರುವುದನ್ನು ಅನೇಕ ಕಡೆ ಕಾಣಬಹುದು. ಇದೆಂಥ ವಿಚಿತ್ರ ಸಂಖ್ಯೆ, 20 ಮತ್ತು 25 ಎಂದು ಇಟ್ಟುಕೊಳ್ಳಬಾರದಿತ್ತೇ? 3.6ರಿಂದ ಭಾಗಿಸಿ ನೋಡಿ. ಸೆಕೆಂಡಿಗೆ 5.5 ಮೀ. ಮತ್ತು 7 ಮೀ. ಬರುತ್ತದೆ. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮಾನಪರಿವರ್ತನೆಯೇ ಅದು.

ಇಷ್ಟು ತಿಳಿದ ಮೇಲೆ ಒಂದು ಲೆಕ್ಕ ಮಾಡೋಣ. ಇಬ್ಬರು ಹುಡುಗಿಯರು 40 ಸೆಕೆಂಡಿನಲ್ಲಿ ತಲಾ 100 ಮೀ. ಓಡಿದರು. ಮೊದಲನೆಯವಳು ನೇರವಾಗಿ, ಸೆಕೆಂಡಿಗೆ 2.5 ಮೀ. ಒಂದೇ ಜವದಲ್ಲಿ ಹೋದಳು. ಎರಡನೆಯವಳು 10 ಮೀ. ಅಂತರದ ಎರಡು ಗೆರೆಗಳ ನಡುವೆ ಹತ್ತು ಸಲ ಅತ್ತಿಂದಿತ್ತ ಓಡಿದಳು. ಪ್ರತಿ ಸಲ 2 ಸೆಕೆಂಡು ಜವ ಏರಿಸುತ್ತಾ ಸೆಕೆಂಡಿಗೆ 5 ಮೀ. ತಲುಪಿದಳು, ಮುಂದಿನ 2 ಸೆಕೆಂಡಿನಲ್ಲಿ ಇಳಿಸುತ್ತಾ ನಿಂತಳು. ಇಬ್ಬರಿಗೂ ದೂರ ಒಂದೇ, ಸಮಯ ಒಂದೇ, ಸರಾಸರಿ ಜವವೂ ಒಂದೇ. ಇಬ್ಬರೂ 5.5 ಮೀ. ಗಡಿ ದಾಟಿಲ್ಲ, ಆದ್ದರಿಂದ ಜೋರು ಓಟದ ಅಂಕಣದಲ್ಲಿ ಇಬ್ಬರಿಗೂ ಸೊನ್ನೆ. ಪಟ್ಟಿಯಲ್ಲಿ ಈ ಅಂಕಣಗಳನ್ನಷ್ಟೇ ನೋಡಿದರೆ ಇಬ್ಬರ ದಣಿವೂ ಸಮ ಅನ್ನಬೇಕು. ಹೌದಾ?

ಎರಡನೆಯವಳ ವೇಗೋತ್ಕರ್ಷ 5ನ್ನು 2ರಿಂದ ಭಾಗಿಸಿದಾಗ 2.5 ಮೀ/ಸೆ². ಅವಳ ರಾಶಿ 50 ಕಿ.ಗ್ರಾಂ. ಆದರೆ ಬೇಕಾದ ಬಲ 125 ನ್ಯೂಟನ್. ಗರಿಷ್ಠ ಜವದಲ್ಲಿ ಅವಳ ಚಲನಶಕ್ತಿ ½ × 50 × 25, ಅಂದರೆ 625 ಜೂಲ್. ಇಷ್ಟನ್ನು ಹತ್ತು ಸಲ ಹುಟ್ಟಿಸಿ ಹತ್ತು ಸಲ ಶೂನ್ಯಕ್ಕೆ ಇಳಿಸಬೇಕು. ಬೈಕಿಗಾದರೆ ಬ್ರೇಕ್ ಇದೆ. ನಮ್ಮ ಬ್ರೇಕ್ ತೊಡೆಯ ಸ್ನಾಯು. ನಿಲ್ಲುವಾಗ ಆ ಸ್ನಾಯು ಬಲ ಹಾಕುತ್ತಲೇ ಹಿಗ್ಗುತ್ತಿರುತ್ತದೆ. ಗುಡ್ಡ ಇಳಿದ ಮರುದಿನ ತೊಡೆ ಹಿಡಿದುಕೊಳ್ಳುವುದೂ ಇದೇ ಕಾರಣದಿಂದ. ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ನೋಯಿಸುತ್ತದೆ. ಪೆಟ್ಟಿಗೆಯಲ್ಲಿ ವೇಗೋತ್ಕರ್ಷ ಮಾಪಕ ಯಾಕೆ ಬೇಕು ಎಂಬುದು ಈಗ ಗೊತ್ತಾಯಿತಲ್ಲ? ನಮ್ಮ ಕಡೆ ಸಣ್ಣ ಮೈದಾನದಲ್ಲಿ ಸೆವೆನ್ಸ್ ಆಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಲ್ಲಿ ಉದ್ದ ಓಟಕ್ಕೆ ಜಾಗವೇ ಇಲ್ಲ, ಇಡೀ ಆಟ ಏರಿಸು, ನಿಲ್ಲಿಸು, ತಿರುಗು.

ಹೃದಯದ ಬಡಿತವನ್ನೂ ಅಳೆಯುತ್ತಾರೆ. ಪಂದ್ಯದ ಹೊತ್ತಿನಲ್ಲಿ ಆಟಗಾರರ ಬಡಿತ ಸರಾಸರಿ ಅವರ ಗರಿಷ್ಠದ ಸುಮಾರು 85 ಶೇಕಡಾದಲ್ಲಿ ಇರುತ್ತದೆ. ಆದರೆ ಬಡಿತ ಬಿಸಿಲಿಗೂ ಏರುತ್ತದೆ, ಹೆದರಿಕೆಗೂ ಏರುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ.

ಹಾಗಾದರೆ ದಣಿವನ್ನು ಅಳೆಯುವುದು ಹೇಗೆ? ಉತ್ತರ ಕೇಳಿದರೆ ನಿಮಗೆ ನಗು ಬರಬಹುದು. ಆಟಗಾರನನ್ನೇ ಕೇಳುತ್ತಾರೆ! ದೇಹಕ್ಕೆ ಎಷ್ಟು ಕಷ್ಟ ಅನಿಸಿತು ಎಂಬುದನ್ನು ಅಂಕಿಯಲ್ಲಿ ಹೇಳಿಸುವ ಮಾಪನವನ್ನು ರೂಪಿಸಿದವರು ಸ್ವೀಡನ್ನಿನ ಗುನ್ನಾರ್ ಬೋರ್ಗ್. ಅದನ್ನು ಅಮೆರಿಕದ ಕಾರ್ಲ್ ಫಾಸ್ಟರ್ ಸರಳ ಲೆಕ್ಕವಾಗಿ ಬಳಸಿದರು. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ "ಹೇಗಿತ್ತು?" ಎಂದು ಕೇಳುವುದು. ಉತ್ತರ 0ರಿಂದ 10ರ ಒಳಗೆ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ. 60 ನಿಮಿಷ, ಕಷ್ಟ 5 ಆದರೆ ಹೊರೆ 300. ಕೋಟಿಗಟ್ಟಲೆ ದುಡ್ಡಿರುವ ಕ್ಲಬ್ಬುಗಳೂ ಪೆಟ್ಟಿಗೆಯ ಜೊತೆಗೆ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಫಾಸ್ಟರ್ ಮತ್ತು ಜೊತೆಗಾರರು ಇನ್ನೊಂದು ಸಂಗತಿಯನ್ನೂ ಕಂಡರು: ತರಬೇತುದಾರರು "ಇವತ್ತು ಹಗುರ" ಎಂದುಕೊಂಡ ದಿನಗಳು ಓಡಿದವರಿಗೆ ಅಷ್ಟೇನೂ ಹಗುರವಾಗಿರಲಿಲ್ಲ.

ಇದನ್ನು ಓದಿದ ಉತ್ಸಾಹದಲ್ಲಿ ನಾನು ಉಪಜಿಲ್ಲಾ ಕ್ರೀಡಾಕೂಟಕ್ಕೆ ತಯಾರಾಗುತ್ತಿದ್ದ ನಮ್ಮ ಮಕ್ಕಳಿಗೆ ಚೀಟಿ ಹಂಚಿದೆ. ಹೆಸರು ಮತ್ತು ಅಂಕಿ ಬರೆದು ಕೊಡಬೇಕು. ಹಗುರ ಎಂದು ನಾವು ಇಟ್ಟ ದಿನ ಹಲವರು 7 ಬರೆದರು. ಒಬ್ಬ ಹುಡುಗ ಮಾತ್ರ ಪ್ರತಿದಿನ 3. ಒಳ್ಳೆ ಗಟ್ಟಿ ಹುಡುಗ ಅಂದುಕೊಂಡೆ. ಎರಡನೇ ವಾರ ಅವನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಕಾಲು ಇಡುವುದನ್ನು ಕಂಡೆ. ಕೇಳಿದರೆ ಸುಮ್ಮನೆ ನಿಂತ. ಆಮೇಲೆ ಮೆಲ್ಲ ಹೇಳಿದ, "ಜಾಸ್ತಿ ಬರೆದ್ರೆ ಟೀಮಿನಿಂದ ತೆಗೀತೀರಿ ಅಂತ ಟೀಚರ್."

ತಪ್ಪು ಅವನದಲ್ಲ. ಚೀಟಿಗಳನ್ನು ತಂಡ ಆರಿಸುವ ಮೇಜಿನ ಮೇಲೆಯೇ, ಎಲ್ಲರ ಎದುರು ಒಟ್ಟು ಮಾಡುತ್ತಿದ್ದವಳು ನಾನು. ಉಪಕರಣ ಸರಿಯಿದ್ದರೂ ಅಳೆಯುವ ರೀತಿ ತಪ್ಪಿದರೆ ಅಂಕಿ ತಪ್ಪುತ್ತದೆ ಎಂದು ಪ್ರಯೋಗಾಲಯದಲ್ಲಿ ನಿಮಗೆ ಹೇಳುವವಳೂ ನಾನೇ! ಅಂದಿನಿಂದ ಒಬ್ಬೊಬ್ಬರೇ ಬಂದು ಹೇಳುವುದು, ನಾನು ಮಾತ್ರ ಬರೆದುಕೊಳ್ಳುವುದು, ಆಯ್ಕೆಗೆ ಅದನ್ನು ಬಳಸುವುದಿಲ್ಲ ಎಂದು ಮಾತು ಕೊಟ್ಟೆ. ಮರುದಿನ ಅವನು ಹೇಳಿದ್ದು 9. ಡಾಕ್ಟರರು ಹತ್ತು ದಿನ ಓಡಬಾರದು ಎಂದರು. ಕ್ರೀಡಾಕೂಟ ಎಂಟನೇ ದಿನ ಇತ್ತು. ಅವನು ಗೆರೆಯಾಚೆ ಕೂತು ನೀರಿನ ಬಾಟಲಿ ಎಸೆದ. ಅವನ ಮುಖ ನೋಡುವುದು ನನಗೆ ಸುಲಭವಾಗಿರಲಿಲ್ಲ.

ಮಾಡಿ ನೋಡಿ: ಮೈದಾನದಲ್ಲಿ ಗೆಳತಿಯೊಬ್ಬಳು 20 ಹೆಜ್ಜೆ ನಡೆಯಲಿ. ದೂರವನ್ನು ಟೇಪಿನಲ್ಲಿ ಅಳೆದು 20ರಿಂದ ಭಾಗಿಸಿ. ಹಾಗೆಯೇ ನಿಧಾನ ಓಟಕ್ಕೆ, ಜೋರು ಓಟಕ್ಕೆ. ಈಗ ಆಟ ಶುರುವಾಗಲಿ. 10 ನಿಮಿಷ ಅವಳನ್ನು ಮಾತ್ರ ನೋಡಿ, ಒಬ್ಬರು ಹೆಜ್ಜೆ ಎಣಿಸಿ ಹೇಳಿ, ಇನ್ನೊಬ್ಬರು ಮೂರು ಅಂಕಣದಲ್ಲಿ ಬರೆದುಕೊಳ್ಳಿ. ಎಷ್ಟು ಸಲ ತಟ್ಟನೆ ನಿಂತಳು ಎಂಬುದಕ್ಕೆ ನಾಲ್ಕನೇ ಅಂಕಣ ಇರಲಿ. ಆಟ ಮುಗಿದು ಅರ್ಧ ಗಂಟೆಯಾದ ಮೇಲೆ, ಪಕ್ಕದಲ್ಲಿ ಯಾರೂ ಇಲ್ಲದಾಗ, 0ರಿಂದ 10ರೊಳಗೆ ಎಷ್ಟು ಎಂದು ಕೇಳಿ. ಗೋಲ್‌ಕೀಪರಿನ ಲೆಕ್ಕವನ್ನೂ ತೆಗೆಯಿರಿ. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ದೂರ ಬಂದದ್ದು ಗೋಲ್‌ಕೀಪರ್ ಹುಡುಗಿಗೆ, ಆದರೆ ಅವಳು ಹೇಳಿದ ಅಂಕಿ 7. ಯಾಕೆ ಎಂದು ಕೇಳಿದ್ದಕ್ಕೆ ಮಣ್ಣು ಮೆತ್ತಿದ ಮೊಣಕೈ ತೋರಿಸಿ, "ನಾನು ಹಾರಿದ್ದನ್ನು ನೀವು ಯಾವ ಅಂಕಣದಲ್ಲೂ ಬರೆದಿಲ್ಲ ಟೀಚರ್" ಎಂದಳು.