ಅಂಗವೈಕಲ್ಯ ಮಾಸಾಶನ: ಅರ್ಹತೆ ಏನು? ಅರ್ಜಿ ಎಲ್ಲಿ?



ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕುವುದು, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿದ ಟ್ರ್ಯಾಕ್ಟರಿನಿಂದ ಬೀಳುವುದು, ಹೋರಿ ಹಾಯುವುದು ನಮಗೆ ಹೊಸ ಸಂಗತಿಗಳಲ್ಲ. ದುಡಿಯುವ ವಯಸ್ಸಿನಲ್ಲಿ ಕೈಕಾಲು ಹೋದರೆ ಇಡೀ ಮನೆತನ ಕುಗ್ಗುತ್ತದೆ. ಸರ್ಕಾರದ ನೆರವಿದ್ದರೂ ಕಾಗದಪತ್ರವಿಲ್ಲದೆ ಅದು ಕೈತಪ್ಪಬಾರದು.

1. ಯಾರು ಅರ್ಹರು?
1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಇವೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆಗಳೂ ಈಗ ಸೇರಿವೆ. ಮಾಸಾಶನಕ್ಕೆ ಕನಿಷ್ಠ ಶೇ. 40 ವೈಕಲ್ಯವಿರಬೇಕು. ಇದನ್ನು ನಿರ್ಧರಿಸುವವರು ವೈದ್ಯರು. ಅವರು ಅಳೆಯುವುದು ಅಂಗದ ಊನವನ್ನು. ನಿಮ್ಮ ದುಡಿಮೆ ಎಷ್ಟು ಕಡಿಮೆಯಾಯಿತು ಎಂಬುದನ್ನಲ್ಲ.

2. ಪ್ರಮಾಣಪತ್ರ
ಮೊದಲು ಯುಡಿಐಡಿ ಗುರುತಿನ ಚೀಟಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ತಪಾಸಣೆಗೆ ಹೋಗುವಾಗ ಆಧಾರ್, ಭಾವಚಿತ್ರ, ಚಿಕಿತ್ಸೆಯ ಚೀಟಿಗಳು, ಎಕ್ಸ್‌ರೇ ಒಯ್ಯಿರಿ. ಗುಣವಾಗುವ ಸಾಧ್ಯತೆಯಿದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ಮೊದಲೇ ಮರುತಪಾಸಣೆ ಮಾಡಿಸಿಕೊಳ್ಳಿ. ಪ್ರಮಾಣ ಕಡಿಮೆ ಬರೆದಿದ್ದಾರೆ ಎನಿಸಿದರೆ ಕಾಯ್ದೆಯ 59ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು.

3. ಮಾಸಾಶನ
ಪ್ರಮಾಣಪತ್ರ ಬಂದ ಮೇಲೆ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಸಹಿತ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ತಾಲ್ಲೂಕಿನವರಾದರೂ ನಿಮ್ಮ ಹೋಬಳಿಯ ನಾಡಕಚೇರಿಗೇ ಹೋಗಬೇಕು. ರಾಜ್ಯ ಸರ್ಕಾರವು 2021ರಲ್ಲಿ ಶೇ. 40ರಿಂದ 75ರವರೆಗಿನವರ ಮಾಸಾಶನವನ್ನು 600 ರೂ.ಗಳಿಂದ 800 ರೂ.ಗಳಿಗೆ ಏರಿಸಿತು. ಅದಕ್ಕೂ ಹೆಚ್ಚು ವೈಕಲ್ಯವಿದ್ದವರಿಗೆ ಮೊತ್ತವೂ ಹೆಚ್ಚು.

4. ಅವಘಡಕ್ಕೆ ಮೊದಲೇ ವಿಮೆ
ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದವರು ಸೇರಬಹುದು. ವರ್ಷದ ಕಂತು 20 ರೂ. ಅಪಘಾತದಲ್ಲಿ ಒಂದು ಕಣ್ಣು, ಒಂದು ಕೈ ಅಥವಾ ಒಂದು ಪಾದ ಶಾಶ್ವತವಾಗಿ ನಷ್ಟವಾದರೆ 1 ಲಕ್ಷ ರೂ.; ಎರಡೂ ಕಣ್ಣು ಅಥವಾ ಎರಡೂ ಕೈ ಹೋದರೆ 2 ಲಕ್ಷ ರೂ. ಬರುತ್ತದೆ. ಬೆರಳಷ್ಟೇ ತುಂಡಾದರೆ ಸಿಗುವುದಿಲ್ಲ. ವಿಮಾ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಕಂತು ಮುರಿದುಕೊಳ್ಳುವಾಗ ಖಾತೆಯಲ್ಲಿ ಹಣವಿರಲಿ. ಹಾಲಿನ ಬಟವಾಡೆ ಬಂದಕೂಡಲೇ ಪೂರ್ತಿ ತೆಗೆಯುವವರು ಇದನ್ನು ಮರೆಯಬಾರದು. ಅವಘಡವಾದ ದಿನವೇ ಆಸ್ಪತ್ರೆಯಲ್ಲಿ ಕಾರಣವನ್ನು ಸರಿಯಾಗಿ ಬರೆಸಿ. ರಸ್ತೆ ಅಪಘಾತವಾದರೆ ಪೊಲೀಸ್ ಠಾಣೆಗೂ ತಿಳಿಸಿ.

ಪ್ರಶ್ನೆ: ಒಂದು ಕೈ ಹೋದರೂ ಎರಡು ಎಮ್ಮೆ ಸಾಕಿ ಸಂಘಕ್ಕೆ ಹಾಲು ಹಾಕುತ್ತೇನೆ. ಮಾಸಾಶನ ತಪ್ಪೀತೇ?
ಉತ್ತರ: ಹಾಲು ಹಾಕಿದ ಮಾತ್ರಕ್ಕೆ ತಪ್ಪುವುದಿಲ್ಲ. ನೋಡುವುದು ವೈಕಲ್ಯದ ಪ್ರಮಾಣ ಮತ್ತು ವಾರ್ಷಿಕ ಆದಾಯ. ಆದಾಯವನ್ನು ಮುಚ್ಚಿಡದೆ ಇದ್ದದ್ದನ್ನೇ ಬರೆಸಿ.

ಸಂಘದ ಕಾರ್ಯದರ್ಶಿಗಳು ಇದನ್ನು ಸಭೆಯಲ್ಲಿ ಓದಿ ಹೇಳಬೇಕು. ಓದಲು ಬಾರದ ನೆರೆಮನೆಯವರಿದ್ದರೆ ಅವರ ಕಾಗದಗಳನ್ನು ಒಮ್ಮೆ ನೀವೇ ನೋಡಿಕೊಡಿ. ಅದೂ ಸಹಕಾರವೇ.